ಹೊಸ ಇಂಡಿ, ಪಂಕ್ ಆಲ್ಬಮ್ ಹುಡುಕುವುದು, ಕೇಳುವುದು, ತೂಗುವುದು: ಬೆಂಗಳೂರಿನ ಕೇಳುಗರಿಗೆ ಸಮಗ್ರ ಮಾರ್ಗದರ್ಶಿ

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮೋತ್ಸವದ ಕಛೇರಿ ಮುಗಿಸಿಕೊಂಡು ಮನೆಗೆ ನಡೆದು ಬರುವಾಗ ಅಪ್ಪ ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಮೃದಂಗದವರು ಎಲ್ಲಿ ಕೈ ಬಿಗಿ ಹಿಡಿದರು, ಗಮನಿಸಿದೆಯೇನೋ?" ಹಾಡು ಚೆನ್ನಾಗಿತ್ತಾ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ. ಕಾಲೇಜಿಗೆ ಬಂದ ಮೇಲೆ ನಾನು ಗಿಟಾರ್ ಗದ್ದಲದ ಕಡೆ ಹೋದೆ. ಆ ಪ್ರಶ್ನೆಯೂ ಜೊತೆಗೇ ಬಂತು. ಇವತ್ತಿಗೂ ಹೊಸ ಪಂಕ್ ಆಲ್ಬಮ್ ಹಾಕಿದರೆ ನನ್ನ ಕಿವಿ ಮೊದಲು ಹೋಗುವುದು ಪಕ್ಕವಾದ್ಯದ ಕಡೆಗೆ.

ಹೊಸ ಬ್ಯಾಂಡ್‌ಗಳನ್ನು ಎಲ್ಲಿ ಹುಡುಕಲಿ, ಸಿಕ್ಕಿದ್ದು ಒಳ್ಳೆಯದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಗೆಳೆಯರು ಜಾಸ್ತಿ ಆಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಲೆಕ್ಕ ಸರಳ. ತಿಂಗಳಿಗೆ ನಾಲ್ಕು ಆಲ್ಬಮ್ ಸಾಕು. ಪ್ರತಿಯೊಂದನ್ನೂ ಐದು ಸಲ ಕೇಳಬೇಕು. ತಿಂಗಳಿಗೆ ನಲವತ್ತು ಆಲ್ಬಮ್ ಒಂದೊಂದು ಸಲ ಕೇಳಿದರೆ ಹೆಸರುಗಳು ಉಳಿಯುತ್ತವೆ, ಹಾಡು ಉಳಿಯುವುದಿಲ್ಲ.

ಹುಡುಕುವ ಮುಂಚೆ: ಇಂಡಿ ಅಂದರೆ ಏನು, ಪಂಕ್ ಅಂದರೆ ಏನು

ಎರಡೂ ಒಂದೇ ಅಲ್ಲ. ಪಂಕ್ ಒಂದು ರೀತಿಯ ಸಂಗೀತ. ನ್ಯೂಯಾರ್ಕಿನ ರಾಮೋನ್ಸ್ ಬ್ಯಾಂಡಿನ ಮೊದಲ ಆಲ್ಬಮ್ 1976ರಲ್ಲಿ ಬಂತು. ಅದರಲ್ಲಿ 14 ಹಾಡುಗಳಿವೆ. ಎಲ್ಲಾ ಸೇರಿ ಅರ್ಧ ಗಂಟೆಯೂ ಇಲ್ಲ. ಚಿಕ್ಕ ಹಾಡು, ವೇಗದ ಲಯ, ಕೆಲವೇ ಕಾರ್ಡ್‌ಗಳು (ಗಿಟಾರ್‌ನಲ್ಲಿ ಒಟ್ಟಿಗೆ ಮೀಟುವ ಸ್ವರಗಳ ಗುಂಪು), ನೇರ ಮಾತು. ಇದು ಪಂಕ್‌ನ ಅಸ್ತಿಭಾರ.

ಇಂಡಿ ಅನ್ನೋದು ಮೊದಲಿಗೆ ಶೈಲಿಯ ಹೆಸರಾಗಿರಲಿಲ್ಲ. ದೊಡ್ಡ ಕಂಪನಿಯ ಹಂಗಿಲ್ಲದೆ, ಸ್ವಂತವಾಗಿ ಅಥವಾ ಸಣ್ಣ ಲೇಬಲ್ (ಆಲ್ಬಮ್ ಹೊರತರುವ ಸಂಸ್ಥೆ) ಮೂಲಕ ಹೊರಬಂದ ಸಂಗೀತ ಎಂದಷ್ಟೇ ಅದರ ಅರ್ಥ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರ್‌ನ ಬಜ್‌ಕಾಕ್ಸ್ ಬ್ಯಾಂಡ್ ಸಾಲ ಮಾಡಿ ನಾಲ್ಕು ಹಾಡಿನ ಒಂದು ಇಪಿ, ಅಂದರೆ ಆಲ್ಬಮ್‌ಗಿಂತ ಚಿಕ್ಕ ತಟ್ಟೆ, ತಂದಿತು. ಮೊದಲು ಅಚ್ಚಾಗಿದ್ದು 1000 ಪ್ರತಿ. ಅದರ ಹಿಂಬದಿಯಲ್ಲಿ ಪ್ರತಿ ಹಾಡನ್ನು ಎಷ್ಟನೇ ಸಲಕ್ಕೆ ಸರಿಯಾಗಿ ನುಡಿಸಿದರು, ಆಮೇಲೆ ಏನು ಸೇರಿಸಿದರು ಎಂದು ಮುದ್ರಿಸಿದ್ದರು. ಹೀಗೆ ಮಾಡಿದ್ದೇವೆ, ನೀವೂ ಮಾಡಬಹುದು ಎಂದು ಹೇಳಿದ ಹಾಗೆ. ನನಗೆ ಇಂಡಿ ಅಂದರೆ ಅದೇ.

ಈ ವ್ಯತ್ಯಾಸ ಯಾಕೆ ಮುಖ್ಯ? ತೂಗುವಾಗ ತಕ್ಕಡಿ ಬದಲಾಗುತ್ತದೆ. ಎರಡು ನಿಮಿಷದ ಪಂಕ್ ಹಾಡಿನಲ್ಲಿ ನಿಧಾನದ ಆಲಾಪ ಹುಡುಕಬಾರದು. ಆರು ನಿಮಿಷದ ಇಂಡಿ ಹಾಡಿನಲ್ಲಿ ಅವಸರ ಹುಡುಕಬಾರದು.

ಹೆಜ್ಜೆ 1: ಹುಡುಕುವ ದಾರಿಗಳು

ಮೊದಲನೆಯ ದಾರಿ ಬ್ಯಾಂಡ್‌ಕ್ಯಾಂಪ್. 2008ರಲ್ಲಿ ಶುರುವಾದ ಈ ತಾಣದಲ್ಲಿ ಬ್ಯಾಂಡ್‌ಗಳು ತಮ್ಮ ಆಲ್ಬಮ್ ತಾವೇ ಮಾರುತ್ತವೆ. ಕೊಳ್ಳುವ ಮುಂಚೆ ಕೇಳಿ ನೋಡಬಹುದು. ಪಂಕ್, ಅದರಿಂದಲೇ ಕವಲೊಡೆದ ಪೋಸ್ಟ್ ಪಂಕ್, ಹಾರ್ಡ್‌ಕೋರ್ ಹೀಗೆ ಬಗೆ ಹಿಡಿದು ಹುಡುಕಬಹುದು. ಊರಿನ ಹೆಸರಲ್ಲೂ ಹುಡುಕಬಹುದು. ಬೆಂಗಳೂರು ಎಂದು ಹಾಕಿ ನೋಡಿ. ನಿಮ್ಮ ಪಕ್ಕದ ಬಡಾವಣೆಯ ಮನೆಯೊಂದರ ಕೋಣೆಯಲ್ಲಿ ರೆಕಾರ್ಡ್ ಆದ ಹಾಡು ಸಿಕ್ಕರೂ ಸಿಗಬಹುದು.

ಆದರೆ ಅಲ್ಲಿ ನಾನು ಹೆಚ್ಚು ನಂಬುವುದು ಬೇರೊಂದನ್ನು. ಆಲ್ಬಮ್‌ನ ಪುಟದಲ್ಲಿ ಅದನ್ನು ಕೊಂಡವರ ಚಿಕ್ಕ ಚಿತ್ರಗಳ ಸಾಲು ಇರುತ್ತದೆ. ಒಂದನ್ನು ಒತ್ತಿದರೆ ಅವರು ಕೊಂಡ ಉಳಿದ ಆಲ್ಬಮ್‌ಗಳೆಲ್ಲ ಕಾಣುತ್ತವೆ. ನಿಮಗೆ ಇಷ್ಟವಾದ ಮೂರು ಆಲ್ಬಮ್ ಯಾರ ಹತ್ತಿರ ಇದೆಯೋ ಅವರ ಸಂಗ್ರಹ ಪೂರ್ತಿ ನೋಡಿ. ದುಡ್ಡು ಕೊಟ್ಟು ಕೊಂಡವರ ರುಚಿ ಅದು. ಯಂತ್ರ ಕೊಡುವ ಸಲಹೆಗಿಂತ ಇದು ನನ್ನನ್ನು ಹೆಚ್ಚು ದೂರ ಕರೆದುಕೊಂಡು ಹೋಗಿದೆ.

ಎರಡನೆಯ ದಾರಿ ಆಲ್ಬಮ್‌ನ ಹಿಂಬದಿಯ ಹೆಸರುಗಳು. ಯಾರು ರೆಕಾರ್ಡ್ ಮಾಡಿದರು, ಯಾರು ಮಿಕ್ಸ್ ಮಾಡಿದರು (ವಾದ್ಯಗಳ ಸದ್ದನ್ನು ಹದವಾಗಿ ಬೆರೆಸಿದರು), ಯಾವ ಲೇಬಲ್. ಒಂದು ಉದಾಹರಣೆ ಹೇಳುತ್ತೇನೆ. 2024ರಲ್ಲಿ ತೀರಿಕೊಂಡ ಸ್ಟೀವ್ ಅಲ್ಬಿನಿ ಎಂಬ ರೆಕಾರ್ಡಿಂಗ್ ಎಂಜಿನಿಯರ್ 1988ರಲ್ಲಿ ಬಂದ ಪಿಕ್ಸೀಸ್ ಬ್ಯಾಂಡಿನ ಆಲ್ಬಮ್ ರೆಕಾರ್ಡ್ ಮಾಡಿದರು. 1993ರಲ್ಲಿ ಬಂದ ಪಿಜೆ ಹಾರ್ವೆ ಮತ್ತು ನಿರ್ವಾಣ ಬ್ಯಾಂಡಿನ ಆಲ್ಬಮ್‌ಗಳನ್ನೂ ಅವರೇ ರೆಕಾರ್ಡ್ ಮಾಡಿದರು. ಈ ಮೂರನ್ನೂ ಒಂದೇ ವಾರ ಕೇಳಿ. ಹಾಡುಗಳು ಬೇರೆ, ಹಾಡುವವರು ಬೇರೆ. ಆದರೆ ಡ್ರಮ್ಸ್ ಬಾರಿಸಿದ ಕೋಣೆಯೇ ಕಿವಿಗೆ ಬಂದ ಹಾಗಿರುತ್ತದೆ. ಅಲ್ಲಿಂದ ಅವರು ಮುಟ್ಟಿದ ಬೇರೆ ಆಲ್ಬಮ್‌ಗಳಿಗೆ ದಾರಿ ಸಿಗುತ್ತದೆ. ಲೇಬಲ್ ಹಿಡಿದು ಹೋಗುವುದೂ ಹೀಗೆಯೇ. 1980ರಲ್ಲಿ ವಾಷಿಂಗ್ಟನ್ನಿನಲ್ಲಿ ಶುರುವಾದ ಡಿಸ್ಕಾರ್ಡ್ ರೆಕಾರ್ಡ್ಸ್ ತನ್ನ ಊರಿನ ಬ್ಯಾಂಡ್‌ಗಳನ್ನೇ ಹೊರತಂದಿತು. ಒಂದು ಊರಿನ ಹುಡುಗ ಹುಡುಗಿಯರು ವರ್ಷ ವರ್ಷ ಹೇಗೆ ಬೆಳೆದರು ಎಂಬುದನ್ನು ಆ ಒಂದು ಲೇಬಲ್‌ನಲ್ಲೇ ಕೇಳಬಹುದು.

ಮೂರನೆಯದು ಲೈವ್ ರೆಕಾರ್ಡಿಂಗ್. ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೋ ತನ್ನ ಸ್ಟುಡಿಯೋದಲ್ಲಿ ಬ್ಯಾಂಡ್‌ಗಳು ನುಡಿಸುವುದನ್ನು ಯೂಟ್ಯೂಬ್‌ನಲ್ಲಿ ಹಾಕುತ್ತದೆ. ಹೊಸ ಆಲ್ಬಮ್ ಎಲ್ಲಾ ಕಡೆ ಸಾಮಾನ್ಯವಾಗಿ ಶುಕ್ರವಾರವೇ ಬರುತ್ತದೆ. 2015ರ ಜುಲೈಯಿಂದ ಜಗತ್ತಿನಾದ್ಯಂತ ಇದೇ ಪದ್ಧತಿ. ಶುಕ್ರವಾರ ಸಂಜೆ ಇಪ್ಪತ್ತು ನಿಮಿಷ ಇಟ್ಟುಕೊಂಡು ಹೆಸರುಗಳನ್ನು ಬರೆದುಕೊಳ್ಳಿ. ಆಗಲೇ ಕೇಳಬೇಕಾಗಿಲ್ಲ.

ಹೆಜ್ಜೆ 2: ಊರಿನೊಳಗೆ ಹುಡುಕುವುದು

ನಮ್ಮ ಊರಿನ ರಾಕ್ ಇತಿಹಾಸ ಸಣ್ಣದಲ್ಲ. ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಿದ್ದರು. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬಂದರು. ಆದರೆ ಹೊಸ ಆಲ್ಬಮ್ ಹುಡುಕುವವರಿಗೆ ಬೇಕಾದ್ದು ಮೈದಾನವಲ್ಲ, ನೂರು ಜನ ಹಿಡಿಸುವ ಕೋಣೆ.

1996ರಲ್ಲಿ ಶುರುವಾದ ಫ್ರೀಡಂ ಜ್ಯಾಮ್ ಎಂಬ ಸಂಗೀತ ಉತ್ಸವ ಸ್ವಾತಂತ್ರ್ಯ ದಿನದ ಹೊತ್ತಿಗೆ ಊರಿನ ಬ್ಯಾಂಡ್‌ಗಳಿಗೆ ಬಿಟ್ಟಿ ವೇದಿಕೆ ಕೊಟ್ಟಿತು. ಅದೇ ವರ್ಷ ಕಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡ್ ಇವತ್ತಿಗೂ ಈ ಊರಿನ ಇಂಡಿ ರಾಕ್‌ಗೆ ಅಣ್ಣನ ಹಾಗಿದೆ. ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಿಂದ 2019ರವರೆಗೆ ಎಷ್ಟೋ ಬ್ಯಾಂಡ್‌ಗಳ ಮನೆಯಾಗಿತ್ತು. ಅದು ಮುಚ್ಚಿದ ದಿನ ನನಗೆ ನಿಜವಾಗಿ ನೋವಾಯಿತು. ಈಗ ಕೋರಮಂಗಲದ ಫ್ಯಾಂಡಮ್‌ನಂಥ ಜಾಗಗಳಿವೆ. ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಹೋಗಿ ಬನ್ನಿ. ನಮ್ಮ ಊರಲ್ಲಿ ಪಂಕ್‌ಗಿಂತ ಮೆಟಲ್ (ಭಾರವಾದ ಗಿಟಾರ್ ಸದ್ದಿನ ರಾಕ್) ಜಾಸ್ತಿ ಅನ್ನೋದು ನಿಜ. ಪಂಕ್ ಬೇಕಾದವರು ಮುಂಬೈ ಕಡೆಗೂ ಕಿವಿ ಕೊಡಬೇಕು. ರಯಟ್ ಪೆಡ್ಲರ್ಸ್, ಲೈಟ್‌ಇಯರ್ಸ್ ಎಕ್ಸ್‌ಪ್ಲೋಡ್ ಅಲ್ಲಿಯವರು.

ಗಿಗ್‌ಗೆ, ಅಂದರೆ ಬ್ಯಾಂಡ್ ಕಛೇರಿಗೆ, ಹೋದರೆ ಮೊದಲ ಬ್ಯಾಂಡ್ ನುಡಿಸುವ ಮುಂಚೆಯೇ ಹೋಗಿ. ಪೋಸ್ಟರ್‌ನಲ್ಲಿ ಹೆಸರು ಸಣ್ಣ ಅಕ್ಷರದಲ್ಲಿರುವ ಬ್ಯಾಂಡ್ ಆಗಲೇ ನುಡಿಸುತ್ತದೆ. ನೀವು ಹುಡುಕುತ್ತಿರುವುದು ಅವರನ್ನೇ ಅಲ್ವಾ? ರಾತ್ರಿ ಹತ್ತಕ್ಕೆ ಧ್ವನಿವರ್ಧಕದ ನಿಯಮ ಬರುತ್ತದೆ. ಹಾಗಾಗಿ ಬಹಳ ಗಿಗ್‌ಗಳು ಬೇಗ ಶುರುವಾಗಿ ಬೇಗ ಮುಗಿಯುತ್ತವೆ. ಆಫೀಸಿನಿಂದ ಮನೆಗೆ ಹೋಗಿ ಆಮೇಲೆ ಬರೋಣ ಎಂದುಕೊಂಡರೆ ಟ್ರಾಫಿಕ್‌ನಲ್ಲೇ ಮೊದಲ ಬ್ಯಾಂಡ್ ಮುಗಿದಿರುತ್ತದೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಎಂಬುದು ಒಂದು ಲೆಕ್ಕ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಚಿಕ್ಕ ಕೋಣೆಯ ಪಂಕ್ ಗಿಗ್ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ನನ್ನ ಗೆಳೆಯನೊಬ್ಬನ ಕಿವಿಯಲ್ಲಿ ಹತ್ತು ವರ್ಷದಿಂದ ಸಣ್ಣ ಶಿಳ್ಳೆ ನಿಂತೇ ಇಲ್ಲ. ಅವನು ಈಗ ಮೆತ್ತನೆಯ ಹಾಡನ್ನು ನೆಮ್ಮದಿಯಿಂದ ಕೇಳಲಾರ.

ಹೆಜ್ಜೆ 3: ಸೋಸುವುದು

ಇದನ್ನು ಬೇಗ ಹೇಳುತ್ತೇನೆ. ತಿಂಗಳ ಪಟ್ಟಿಯಲ್ಲಿ ಹದಿನೈದು ಇಪ್ಪತ್ತು ಹೆಸರು ಸೇರಿರುತ್ತವೆ. ಪ್ರತಿ ಆಲ್ಬಮ್‌ನಿಂದ ಮೊದಲ ಹಾಡು, ನಡುವಿನ ಒಂದು ಹಾಡು, ಕೊನೆಯ ಹಾಡು ಕೇಳಿ. ಆಲ್ಬಮ್‌ಗೆ ಮುಂಚೆಯೇ ಬಿಡಿಯಾಗಿ ಬಿಟ್ಟ ಹಾಡು (ಸಿಂಗಲ್) ಬೇಡ. ಅದನ್ನು ಎಲ್ಲರೂ ಚೆನ್ನಾಗಿಯೇ ಆರಿಸಿರುತ್ತಾರೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಹಾಡನ್ನು ಒಂದು ಸಲ ಕೇಳಿದ ಲೆಕ್ಕ. ಹಾಗಾಗಿ ಮೊದಲ ಅರ್ಧ ನಿಮಿಷಕ್ಕೇ ಎಲ್ಲವನ್ನೂ ಸುರಿದ ಹಾಡುಗಳು ಈಗ ಜಾಸ್ತಿ. ನಡುವಿನ ಹಾಡು ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. ಮೂರರಲ್ಲಿ ಒಂದಾದರೂ ನಿಮ್ಮನ್ನು ತಡೆದು ನಿಲ್ಲಿಸಿದರೆ ಉಳಿಸಿಕೊಳ್ಳಿ. ಇಷ್ಟವಾಗಬೇಕೆಂದಿಲ್ಲ. ಸಿಟ್ಟು ಬಂದರೂ ಸರಿ.

ಹೆಜ್ಜೆ 4: ಐದು ಸಲ ಕೇಳುವುದು

ಷಫಲ್ ಆಫ್ ಮಾಡಿ. ಹಾಡುಗಳ ಕ್ರಮವನ್ನು ಬ್ಯಾಂಡ್ ಯೋಚಿಸಿ ಇಟ್ಟಿರುತ್ತದೆ.

ಮೊದಲ ಸಲ ಓಡಾಡುತ್ತಾ ಕೇಳಿ. ತೀರ್ಪು ಬೇಡ, ಫೋನ್ ನೋಡುವುದೂ ಬೇಡ. ಮೆಟ್ರೋ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ನಲ್ಲಿ ಹತ್ತಿ ವೈಟ್‌ಫೀಲ್ಡ್ ಕಡೆ ಹೊರಟರೆ ಇಳಿಯುವಷ್ಟರಲ್ಲಿ ಪಂಕ್ ಆಲ್ಬಮ್ ಪೂರ್ತಿ ಮುಗಿದಿರುತ್ತದೆ. ಒಂದು ಎಚ್ಚರಿಕೆ ಇದೆ. ಕಬ್ಬನ್ ಪಾರ್ಕ್ ದಾಟುವವರೆಗೆ ರೈಲು ಸುರಂಗದಲ್ಲಿರುತ್ತದೆ. ಅದರ ಗುಡುಗು ತಗ್ಗು ಸ್ವರದ ಬೇಸ್ ಗಿಟಾರನ್ನು ನುಂಗಿಬಿಡುತ್ತದೆ. ಎಂ.ಜಿ. ರೋಡ್ ಬಳಿ ಮೇಲೆ ಬಂದ ಮೇಲೆ ಅದು ಮತ್ತೆ ಕೇಳಿಸುತ್ತದೆ. ಸುರಂಗದಲ್ಲಿ ಕೇಳಿದ ಆಲ್ಬಮ್ ತೆಳ್ಳಗಿದೆ ಎಂದು ಯಾವತ್ತೂ ಬರೆಯಬೇಡಿ.

ಎರಡನೇ ಸಲ ಕುಳಿತು, ಸಾಹಿತ್ಯ ಕಣ್ಣ ಮುಂದೆ ಇಟ್ಟುಕೊಂಡು ಕೇಳಿ. ಇಂಗ್ಲಿಷ್ ಕೂಗಾಟದಲ್ಲಿ ಮಾತು ಬಿಡಿಸಿ ಕೇಳುವುದು ಕಷ್ಟ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಅನೇಕರು ಸಾಹಿತ್ಯ ಹಾಕಿರುತ್ತಾರೆ.

ಮೂರನೇ ಸಲ ನನ್ನ ಅಪ್ಪನ ಸಲ. ಹಾಡುವವರನ್ನು ಮರೆತುಬಿಡಿ. ಡ್ರಮ್ಸ್ ಮಾತ್ರ ಹಿಂಬಾಲಿಸಿ. ಚರಣದಿಂದ ಪಲ್ಲವಿಗೆ ಬರುವಾಗ ಡ್ರಮ್ಸ್ ಏನು ಮಾಡುತ್ತದೆ? ಸುಮ್ನೆ ಜೋರಾಗುತ್ತದಾ, ಅಥವಾ ಒಂದು ಏಟು ಬಿಟ್ಟು ನಿಮ್ಮನ್ನು ಮುಂದಕ್ಕೆ ಎಳೆಯುತ್ತದಾ? ಆಮೇಲೆ ಬೇಸ್. ಗಿಟಾರ್ ಹಿಡಿದ ಸ್ವರವನ್ನೇ ಬೇಸ್ ಹಿಡಿದಿದೆಯಾ, ಇಲ್ಲಾ ತನ್ನದೇ ಒಂದು ರಾಗ ಹೇಳುತ್ತಿದೆಯಾ? ಪೋಸ್ಟ್ ಪಂಕ್‌ನಲ್ಲಿ ಹಾಡನ್ನು ಹೊತ್ತು ನಡೆಯುವುದು ಎಷ್ಟೋ ಸಲ ಬೇಸ್. ಗಿಟಾರ್ ಸುತ್ತ ಗೀರು ಎಳೆಯುತ್ತದೆ ಅಷ್ಟೇ. ಕಛೇರಿ ಕೇಳಿ ಬೆಳೆದವರಿಗೆ ಇದು ತಾನಾಗಿ ಬರುತ್ತದೆ. ಮೃದಂಗ, ಪಿಟೀಲನ್ನು ಬೇರೆ ಬೇರೆಯಾಗಿ ಕೇಳಲು ಕಲಿತ ಕಿವಿ ಅದು. ಆ ಕಿವಿಯನ್ನು ಇಲ್ಲಿಗೂ ತನ್ನಿ.

ನಾಲ್ಕನೇ ಸಲ ಬೇರೆ ಸ್ಪೀಕರ್‌ನಲ್ಲಿ, ಕಡಿಮೆ ಸದ್ದಿನಲ್ಲಿ. ಅಡುಗೆ ಮನೆಯ ಪುಟ್ಟ ಸ್ಪೀಕರ್ ಆದರೂ ಸಾಕು. ಸದ್ದು ಇಳಿಸಿದಾಗಲೂ ರಾಗ ನಿಲ್ಲುತ್ತದಾ ನೋಡಿ. ಜೋರು ಸದ್ದು ಯಾವ ಹಾಡನ್ನಾದರೂ ಅರ್ಧ ಗಂಟೆ ಚೆನ್ನಾಗಿ ತೋರಿಸುತ್ತದೆ.

ಆಮೇಲೆ ಒಂದು ವಾರ ಬಿಡುವು ಕೊಡಿ. ಐದನೇ ಸಲ ಹಾಕುವ ಮುಂಚೆ, ಯಾವ ಹಾಡು ನೆನಪಿದೆ ಎಂದು ಬರೆದುಕೊಳ್ಳಿ. ಸ್ನಾನ ಮಾಡುವಾಗ, ಬಸ್ ಕಾಯುವಾಗ ತಾನಾಗಿ ಬಾಯಿಗೆ ಬಂದ ಸಾಲು ಯಾವುದು? ಆ ಉತ್ತರಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಹೆಜ್ಜೆ 5: ತೂಗುವುದು

ನಕ್ಷತ್ರ ಕೊಡಬೇಡಿ, ಹತ್ತಕ್ಕೆ ಏಳು ಅನ್ನಬೇಡಿ. ಪ್ರಶ್ನೆ ಕೇಳಿ.

ದನಿಯಿಂದ ಶುರು ಮಾಡೋಣ. ನಮ್ಮಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ. ಶ್ರುತಿ ಸೇರಿದ ದನಿ ಕೇಳಿ ಬೆಳೆದ ನಮಗೆ ಪಂಕ್ ಹಾಡುಗಾರಿಕೆ ಅಪಸ್ವರ ಅನಿಸುತ್ತದೆ. ಆದರೆ ಊರ ಭಜನೆಯಲ್ಲಿ ತತ್ವಪದ ಹಾಡುವವರನ್ನು ನೆನಪಿಸಿಕೊಳ್ಳಿ. ಆ ಗಂಟಲು ನುಣುಪಲ್ಲ. ಆದರೂ ಮಾತು ಎದೆಗೆ ಬಂದು ಬಡಿಯುತ್ತದೆ. ಹಾಗೇ ಇಲ್ಲೂ ಕೇಳಬೇಕಾದ್ದು, ಈ ದನಿ ಈ ಮಾತನ್ನು ನಂಬಿ ಹಾಡುತ್ತಿದೆಯಾ ಎಂಬುದನ್ನು. ಎಲ್ಲಾ ಹಾಡಲ್ಲೂ ಒಂದೇ ಮಟ್ಟದ ಕಿರುಚಾಟ ಇದ್ದರೆ ಅದು ಅಭ್ಯಾಸ. ಒಂದು ಸಾಲಿನಲ್ಲಿ ದನಿ ತಗ್ಗಿ, ಇನ್ನೊಂದರಲ್ಲಿ ಒಡೆದರೆ ಅಲ್ಲಿ ಏನೋ ನಡೆಯುತ್ತಿದೆ. ಈ ಕಿವಿ ಬೆಳೆಸಲು ಒಂದು ಮನೆಪಾಠ ಇದೆ. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಹಾಡಿದ್ದನ್ನು ಮೊದಲು ಕೇಳಿ. ಆಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್ ಹಾಡಿದ್ದನ್ನು ಕೇಳಿ. ಅದೇ ಶರೀಫರ ಮಾತು. ವಾದ್ಯ, ಲಯ, ದನಿ ಬದಲಾದಾಗ ಅರ್ಥದ ಯಾವ ಭಾಗ ಮುಂದೆ ಬಂತು, ಯಾವುದು ಹಿಂದೆ ಸರಿಯಿತು ಎಂದು ಬರೆದು ನೋಡಿ. ಭಾಷೆ ಬಾರದ ಬ್ಯಾಂಡ್ ಕೇಳುವಾಗಲೂ ಇದು ಸಹಾಯಕ್ಕೆ ಬರುತ್ತದೆ. ನಮ್ಮ ಊರಿನ ಪರ್ವಾಜ್ ಉರ್ದು, ಕಾಶ್ಮೀರಿಯಲ್ಲಿ ಹಾಡುತ್ತದೆ. 2014ರ ಅವರ ಆಲ್ಬಮ್ 'ಬಾರಾನ್' ನನಗೆ ಮಾತು ತಿಳಿಯುವ ಮುಂಚೆಯೇ ಹಿಡಿಸಿತು. ಗಿಟಾರ್ ಎಲ್ಲಿ ಕಾಯುತ್ತದೆ, ಎಲ್ಲಿ ಮುಗಿಬೀಳುತ್ತದೆ ಎಂಬುದೇ ಅರ್ಧ ಅರ್ಥ ಹೇಳಿತ್ತು.

ಮಾತಿನ ಬಗ್ಗೆ ನನ್ನ ಪ್ರಶ್ನೆ ಒಂದೇ. ಈ ಸಿಟ್ಟಿಗೆ ವಿಳಾಸ ಇದೆಯಾ? ನಮ್ಮ ವಚನಕಾರರಿಗೆ ಇತ್ತು. ಯಾರಿಗೆ ಹೇಳುತ್ತಿದ್ದೇವೆ, ಯಾಕೆ ಎಂದು ಅವರಿಗೆ ಗೊತ್ತಿತ್ತು. 'ವ್ಯವಸ್ಥೆ ಹಾಳು' ಎಂದು ಹನ್ನೆರಡು ಹಾಡು ಕೂಗುವ ಆಲ್ಬಮ್‌ಗಿಂತ, ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡದ ಬಗ್ಗೆ ಎರಡು ನಿಮಿಷ ಹಾಡುವ ಬ್ಯಾಂಡ್ ನನಗೆ ಹತ್ತಿರ.

ಮೂರೇ ಕಾರ್ಡ್ ಅನ್ನೋದು ದೋಷವಲ್ಲ. ಹತ್ತು ಹಾಡಿನಲ್ಲಿ ಆ ಮೂರನ್ನು ಹತ್ತು ರೀತಿ ಬಳಸಿದ್ದಾರಾ ನೋಡಿ. ವೇಗ ಬದಲಾಯಿತಾ, ನಿಲುಗಡೆ ಬದಲಾಯಿತಾ, ಪಲ್ಲವಿ ಎಷ್ಟು ಹೊತ್ತಿಗೆ ಬಂತು?

ರೆಕಾರ್ಡಿಂಗ್ ಒರಟಾಗಿದ್ದರೆ ಅದೂ ತಾನಾಗಿ ತಪ್ಪಲ್ಲ. ನಿರ್ವಾಣದ 1989ರ ಮೊದಲ ಆಲ್ಬಮ್‌ಗೆ ಆದ ಖರ್ಚು ಸುಮಾರು 600 ಡಾಲರ್. ಕೇಳಬೇಕಾದ ಪ್ರಶ್ನೆ ಬೇರೆ. ಒರಟುತನ ಹಾಡಿಗೆ ಬಲ ಕೊಡುತ್ತದಾ, ಹಾಡನ್ನು ಮುಚ್ಚುತ್ತದಾ? ಎಲ್ಲಾ ವಾದ್ಯ ಒಟ್ಟಿಗೆ ಬಂದಾಗಲೂ ಸ್ನೇರ್ (ಚಟ್ಟನೆ ಸದ್ದು ಕೊಡುವ ಚಿಕ್ಕ) ಡ್ರಮ್ಮಿನ ಏಟು ಬಿಡಿಯಾಗಿ ಕೇಳಿದರೆ ಮಿಕ್ಸ್ ಮಾಡಿದವರಿಗೆ ಕೆಲಸ ಗೊತ್ತಿದೆ. ಕೆಲವು ಆಲ್ಬಮ್ ಮೊದಲಿಂದ ಕೊನೆಯವರೆಗೆ ಒಂದೇ ಎತ್ತರದ ಗೋಡೆಯ ಹಾಗೆ ಇರುತ್ತವೆ. ಸದ್ದು ಜೋರು ಮಾಡಲು ಏರಿಳಿತ ಅಳಿಸಿ ಎಲ್ಲವನ್ನೂ ಹಿಂಡಿರುತ್ತಾರೆ. ಸ್ಟ್ರೀಮಿಂಗ್ ತಾಣಗಳು ಈಗ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತವೆ. ಹಿಂಡಿದ್ದರಿಂದ ಜೋರೂ ಸಿಗುವುದಿಲ್ಲ, ಏಟಿನ ಬಿಸುಪೂ ಹೋಗಿರುತ್ತದೆ.

ಕ್ರಮವನ್ನು ಮರೆಯಬೇಡಿ. ಎಲ್‌ಪಿ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು 22 ನಿಮಿಷ ಹಿಡಿಯುತ್ತಿತ್ತು. ತಟ್ಟೆ ತಿರುಗಿಸಿದ ಮೇಲೆ ಇನ್ನೊಂದು ಆರಂಭ ಬೇಕಾಗುತ್ತಿತ್ತು. ಫೋನ್‌ನಲ್ಲಿ ಮಗ್ಗುಲು ಇಲ್ಲ. ಆದರೂ ಒಳ್ಳೆಯ ಬ್ಯಾಂಡ್‌ಗಳು ಆರನೇ ಏಳನೇ ಹಾಡಿನ ಹತ್ತಿರ ಹೊಸ ಉಸಿರು ಇಡುತ್ತವೆ. ಅಲ್ಲಿ ಸುಸ್ತಾದ ಹಾಡು ಸಿಕ್ಕಿದರೆ ಬ್ಯಾಂಡ್ ಹತ್ತಿರ ಒಂದು ಇಪಿಗಾಗುವಷ್ಟೇ ಸರಕು ಇತ್ತು ಎಂದು ಅರ್ಥ.

ಹೆಜ್ಜೆ 6: ಬರೆದಿಡುವುದು

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಆಲ್ಬಮ್‌ನ ಹೆಸರು, ಊರು, ವರ್ಷ, ಒಟ್ಟು ನಿಮಿಷ, ರೆಕಾರ್ಡ್ ಮಾಡಿದವರು. ಅದರ ಕೆಳಗೆ ನಿಮ್ಮದೇ ಮೂರು ಸಾಲು. ಒಂದು ಸಾಲಿನಲ್ಲಿ ಬ್ಯಾಂಡ್ ಏನು ಮಾಡಲು ಹೊರಟಿತ್ತು. ಎರಡನೆಯದರಲ್ಲಿ ಅದು ಎಲ್ಲಿ ಕೈಗೂಡಿತು, ಹಾಡು ಮತ್ತು ನಿಮಿಷದ ಸಮೇತ. ಮೂರನೆಯದರಲ್ಲಿ ಎಲ್ಲಿ ಕೈಕೊಟ್ಟಿತು. 'ಸೂಪರ್', 'ಬೋರ್' ಎಂಬ ಪದಗಳಿಗೆ ಜಾಗವಿಲ್ಲ. "ನಾಲ್ಕನೇ ಹಾಡಿನಲ್ಲಿ 1:10ಕ್ಕೆ ಬೇಸ್ ಒಬ್ಬಂಟಿಯಾಗಿ ಉಳಿಯುತ್ತದೆ, ಮೈ ಜುಮ್ಮೆಂದಿತು" ಎಂದು ಬರೆದರೆ ಆರು ತಿಂಗಳ ಮೇಲೂ ಉಪಯೋಗಕ್ಕೆ ಬರುತ್ತದೆ.

ಬೇರೆಯವರ ವಿಮರ್ಶೆ ಓದುವುದು ಇದಾದ ಮೇಲೆ. ಮೊದಲೇ ಓದಿದರೆ ಅವರ ಮಾತೇ ನಿಮ್ಮ ಪೆನ್ನಿನಿಂದ ಬರುತ್ತದೆ. ಓದಿದ ಮೇಲೆ ನಿಮ್ಮ ಅಭಿಪ್ರಾಯ ಬದಲಾದರೆ ಹಳೆಯದನ್ನು ಹೊಡೆದುಹಾಕಬೇಡಿ. ಕೆಳಗೆ ದಿನಾಂಕ ಹಾಕಿ ಹೊಸದನ್ನು ಬರೆಯಿರಿ.

ಹೆಜ್ಜೆ 7: ಕೊಳ್ಳುವುದು

ಇಷ್ಟವಾದದ್ದನ್ನು ಕೊಳ್ಳಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು ಹನ್ನೆರಡು ತಿಂಗಳಲ್ಲಿ 1000 ಸಲ ಕೇಳದಿದ್ದರೆ ಅದಕ್ಕೆ ರಾಯಧನ ಇಲ್ಲ. ಹೊಸ ಬ್ಯಾಂಡ್ ಒಂದರ ಹಾಡನ್ನು 900 ಸಲ ಕೇಳಿದರೂ ಅವರಿಗೆ ಬರುವುದು ಸೊನ್ನೆ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ 15ರಷ್ಟು ಹಿಡಿದುಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರಗಳಂದು (ಎಲ್ಲಾ ಶುಕ್ರವಾರ ಅಲ್ಲ, ತಾಣವೇ ಘೋಷಿಸುವ ಕೆಲವು ಮಾತ್ರ) ಆ ಪಾಲನ್ನೂ ಬಿಟ್ಟುಕೊಡುತ್ತದೆ. ಕೊಳ್ಳಬೇಕಾದ್ದನ್ನು ಆ ದಿನಕ್ಕೆ ಎತ್ತಿಟ್ಟುಕೊಳ್ಳಿ. ಹೊರದೇಶಕ್ಕೆ ಪಾವತಿ ಮಾಡುವ ಸೌಲಭ್ಯ ನಿಮ್ಮ ಕಾರ್ಡ್‌ನಲ್ಲಿ ಚಾಲೂ ಇರಬೇಕು. ಎಷ್ಟೋ ಸಲ ಪಾವತಿ ನಿಲ್ಲುವುದು ಅಲ್ಲೇ. ಗಿಗ್‌ನಲ್ಲಾದರೆ ವೇದಿಕೆಯ ಪಕ್ಕದ ಮೇಜಿನಲ್ಲಿ ಸಿಡಿ, ಟೀ ಶರ್ಟ್ ಇರುತ್ತವೆ. ಯುಪಿಐ ಮಾಡಿದರೆ ಮುಗಿಯಿತು. ಆ ಮೇಜಿನ ಹಿಂದೆ ನಿಂತವರು ಬಹುಶಃ ಡ್ರಮ್ಸ್ ಬಾರಿಸಿದವರೇ. ಆ ಹಾಡಿನಲ್ಲಿ ಏಟು ಯಾಕೆ ಬಿಟ್ಟಿರಿ ಎಂದು ಕೇಳಿ ನೋಡಿ. ಅವರ ಮುಖ ಅರಳುವುದನ್ನು ನಾನು ಪ್ರತಿ ಸಲ ನೋಡಿದ್ದೇನೆ.

ಡಿಸೆಂಬರ್‌ನಲ್ಲಿ ನೋಟ್‌ಬುಕ್ ತೆಗೆದು ಎಲ್ಲವನ್ನೂ ಇನ್ನೊಮ್ಮೆ ಓದಿ. ಮೊದಲು ಬೇಡ ಎಂದುಕೊಂಡ ಎರಡನ್ನಾದರೂ ಮತ್ತೆ ಹಾಕಿ ಕೇಳಿ. ಕಳೆದ ವರ್ಷ ನನ್ನ ಪುಸ್ತಕದಲ್ಲಿ 46 ಆಲ್ಬಮ್ ಇದ್ದವು. ಈಗಲೂ ಕೇಳುತ್ತಿರುವುದು ಹನ್ನೊಂದನ್ನು. ಅವುಗಳಲ್ಲಿ ಮೂರರ ಮುಂದೆ ನಾನು ಮೊದಲು ಬರೆದಿದ್ದು, "ಡ್ರಮ್ಸ್ ಸರಿ ಇಲ್ಲ, ಬೇಡ." ಅದರ ಕೆಳಗೆ ಈಗ ಬೇರೆ ದಿನಾಂಕಗಳಿವೆ.